72ರ ಅಪ್ಪನಿಗೆ ಬಿಪಿ ಇದೆ, ಮಾತ್ರೆ ತಪ್ಪಿಸ್ತಾರೆ. ದೂರದ ಊರಲ್ಲಿದ್ದು ನಾನು ನೋಡಿಕೊಳ್ಳೋದು ಹೇಗೆ?

‘ಮಾತ್ರೆ ತಗೊಂಡ್ರಾ’ ಅಂದ್ರೆ ಫೋನಲ್ಲಿ ‘ಹೂಂ’, ಸ್ಟ್ರಿಪ್ ನೋಡಿದ್ರೆ ಮಾತ್ರೆ ಹಾಗೇ ಇರುತ್ತೆ. ನಮ್ಮ ಮನೆಯಲ್ಲೂ ಇದೇ ಇತ್ತು. ನೀವು ನೋಡಿಕೊಳ್ಳೋದನ್ನ ಬಿಡಿ. ಬಿಪಿ ಅವರದು, ಮಷಿನ್ನೂ ನೋಟ್‌ಬುಕ್ಕೂ ಅವರ ಕೈಲೇ ಇರಲಿ.

ಮಕ್ಕಳು ಊರಿಗೆ ಬಂದು ಬಿಪಿ ನೋಡುವಾಗಲೇ ಎಡವಟ್ಟಾಗೋದು. ಅಪ್ಪ ಆಗಷ್ಟೇ ಕಾಫಿ ಕುಡಿದಿರ್ತಾರೆ. ಪಟ್ಟಿಯನ್ನ ಶರ್ಟಿನ ಮೇಲೇ ಸುತ್ತಿ, ಮಷಿನ್ ಗುಂಯ್ ಅಂತಿರುವಾಗಲೇ ‘ಉಪ್ಪಿನಕಾಯಿ ತಿಂದ್ರಾ?’ ಅಂತ ವಿಚಾರಣೆ. ಅವರು ಬಾಯಿ ತೆರೆದು ಉತ್ತರ ಕೊಟ್ಟಿದ್ದಕ್ಕೇ ಮೇಲಿನ ಅಂಕಿ ಹತ್ತರಷ್ಟು ಏರಬಹುದು. ಮೂತ್ರ ಕಟ್ಟಿಕೊಂಡಿದ್ರೂ, ಕಾಲ ಮೇಲೆ ಕಾಲು ಹಾಕಿದ್ರೂ ಏರುತ್ತೆ. ಹೀಗೆ ಏರಿ ಬಂದ ಸುಳ್ಳು 158 ನಂಬಿ ಡೋಸ್ ಹೆಚ್ಚಿಸಿದ್ರೆ, ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ತಲೆ ಸುತ್ತುತ್ತೆ. ಮಾತ್ರೆಯಿಂದಲೇ ಹೀಗಾಯ್ತು ಅಂತ ಬಿಟ್ಟುಬಿಡ್ತಾರೆ. ಅದನ್ನ ಮುದುಕರ ಹಟ ಅಂತೀವಿ. ಹಟ ಏನೂ ಇಲ್ಲ, ತಲೆ ಸುತ್ತಿದ್ದು ಮಾತ್ರೆಯಿಂದಲೇ ಅನ್ನೋ ಅವರ ಲೆಕ್ಕ ಸರಿಯಾಗೇ ಇದೆ.

ಮಣಿಕಟ್ಟಿಗೆ ಕಟ್ಟುವ ಮಷಿನ್ ಬೇಡ, ತೋಳಿನದೇ ತನ್ನಿ. ಕೊಳ್ಳೋ ಮೊದಲು ಭುಜಕ್ಕೂ ಮೊಣಕೈಗೂ ನಡುವೆ ಟೇಪಿನಿಂದ ಸುತ್ತಳತೆ ತೆಗೀರಿ. ಸಾಮಾನ್ಯವಾಗಿ ಜೊತೆಗೆ ಬರುವ ಪಟ್ಟಿ 22ರಿಂದ 32 ಸೆಂ.ಮೀ. ತೋಳಿಗೆ, ದಪ್ಪ ತೋಳಿಗೆ ಅದೇ ಸುತ್ತಿದ್ರೆ ಬಿಪಿ ಜಾಸ್ತಿ ತೋರಿಸುತ್ತೆ. ಕಾಫಿ, ಬೀಡಿ, ವಾಕಿಂಗ್ ಆಗಿ ಅರ್ಧ ಗಂಟೆ ಕಳೆದಿರಬೇಕು. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆನಿಕೆ ಇರೋ ಕುರ್ಚಿಯಲ್ಲಿ ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಲಿ. ತೋಳು ಎದೆಯ ಮಟ್ಟಕ್ಕೆ ಟೇಬಲ್ ಮೇಲೆ. ಪಟ್ಟಿ ಬರಿ ತೋಳಿಗೆ, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡೂ ಬರೀಲಿ. ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ಹೀಗೆ ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆದಾಗ 135/85 ದಾಟಿದ್ರೆ ಹೆಚ್ಚು ಅಂತ ಅರ್ಥ. ಅವರ ವಯಸ್ಸಿಗೆ ಎಷ್ಟಿರಬೇಕು ಅನ್ನೋದು ಡಾಕ್ಟರ ಮಾತು. ತಪ್ಪಿಸಿದ ದಿನ ‘ಮಾತ್ರೆ ಇಲ್ಲ’ ಅಂತಲೂ ಬರೆಯಲಿ, ಬೈಬೇಡಿ.

ತಲೆಸುತ್ತು ಇದ್ರೆ ಕೂತಾಗಿನ ಬಿಪಿ ತಗೊಂಡು, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಿ. ಮೇಲಿನ ಅಂಕಿ 20ರಷ್ಟು ಇಳಿದ್ರೆ ಆ ಪುಟ ಡಾಕ್ಟರಿಗೆ ತೋರಿಸಲೇಬೇಕು. ಡೋಸ್ ನೀವೇ ಕಡಿಮೆ ಮಾಡಬೇಡಿ. 180/120 ದಾಟಿ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಇದ್ರೆ ನೋಟ್‌ಬುಕ್ ಬಿಟ್ಟು 108ಕ್ಕೆ ಫೋನ್ ಮಾಡಿ.

ಮಂಡಿನೋವಿಗೆ ಮೆಡಿಕಲ್ ಶಾಪಿಂದ ಡೈಕ್ಲೋಫೆನಾಕ್ ತಂದು ನುಂಗ್ತಿದ್ದಾರಾ ಕೇಳಿ; ಬಿಪಿ ಏರೋಕೆ ಅದೂ ಕಾರಣ. ಉಪ್ಪು ದಿನಕ್ಕೆ ಒಟ್ಟು ಒಂದು ಟೀ ಚಮಚದೊಳಗೆ ಸಾಕು, ಹಪ್ಪಳ, ಉಪ್ಪಿನಕಾಯಿಯದೂ ಸೇರಿ. ‘ಕಡಿಮೆ ಸೋಡಿಯಂ’ ಉಪ್ಪಲ್ಲಿ ಪೊಟ್ಯಾಸಿಯಂ ಇರುತ್ತೆ, ಕಿಡ್ನಿ ತೊಂದರೆ ಇದ್ರೆ ಡಾಕ್ಟರನ್ನ ಕೇಳದೆ ತರಬೇಡಿ.