ಕೊನೇ ಸಲ ಸರಿಯಾಗಿದ್ದಿದ್ದು ಯಾವಾಗ?

ಡೊಂಬಿವ್ಲಿಯಿಂದ ನರ್ಸಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿ ಒಬ್ರು ಬರೆದಿದಾರೆ: ಸ್ಟ್ರೋಕ್, ಫಿಟ್ಸ್, ಜಿಬಿಎಸ್ (ಗಿಯಾನ್-ಬಾರೆ ಸಿಂಡ್ರೋಮ್ ಅನ್ನೋ ನರಗಳ ಕಾಯಿಲೆ) ಎಲ್ಲಾ ಬಾಯಿಪಾಠ ಮಾಡಿದೀನಿ ಮೇಡಂ, ಆದ್ರೆ ಪೇಷೆಂಟ್ ಮುಂದೆ ನಿಂತ್ರೆ ಎಲ್ಲಾ ಕಲಸಿಹೋಗುತ್ತೆ. ಮೊನ್ನೆ ಠಾಣೆ ಸ್ಟೇಷನ್ನಲ್ಲಿ ಒಬ್ರಿಗೆ ಫಿಟ್ಸ್ ಬಂದು ಬಿದ್ರು, ಜನ ಕೈಗೆ ಕೀಲಿಗೊಂಚಲು ತುರುಕ್ತಿದ್ರು, ನಾನು ಸುಮ್ನೆ ನಿಂತುಬಿಟ್ಟೆ. ಇಂಥ ಹೊತ್ತಲ್ಲಿ ಮೊದ್ಲು ಏನು ನೋಡ್ಬೇಕು?

ತಂಗೀ, ಮೊದ್ಲು ಗಡಿಯಾರ ನೋಡಿ. ಪತ್ರಿಕೆಗೆ ಬರೋ ಮುಂಚೆ ನಾನೂ ವಾರ್ಡಲ್ಲಿ ಕೆಲಸ ಮಾಡಿದವಳು, ಅದಕ್ಕೇ ಇಷ್ಟು ಖಡಾಖಂಡಿತ ಹೇಳ್ತಿದೀನಿ. ಸ್ಟ್ರೋಕ್ ಅಂದ್ರೆ ದಿಢೀರಂತ ಬರುತ್ತೆ, ಬಾಯಿ ಸೊಟ್ಟಗಾಗುತ್ತೆ, ಒಂದು ಕೈ ಏಳಲ್ಲ, ಮಾತು ತೊದಲುತ್ತೆ. ಫಿಟ್ಸೂ ದಿಢೀರೇ, ಆದ್ರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗೇ ನಿಲ್ಲುತ್ತೆ. ಜಿಬಿಎಸ್‌ನಲ್ಲಿ ಬಲಹೀನತೆ ಸಾಮಾನ್ಯವಾಗಿ ದಿನಗಟ್ಟಲೆ ತಗೊಂಡು ಕಾಲಿಂದ ಮೇಲಕ್ಕೆ ಹತ್ತುತ್ತೆ.

ಸ್ಟ್ರೋಕ್ ಕೇಸಲ್ಲಿ ಮನೆಯವರನ್ನ ಯಾವಾಗ ಶುರುವಾಯ್ತು ಅಂತ ಕೇಳಿ ಅಷ್ಟಕ್ಕೇ ಬಿಡಬೇಡಿ, ಕೊನೇ ಸಲ ಸರಿಯಾಗಿದ್ದಿದ್ದು ಯಾವಾಗ ಅಂತ ಕೇಳಿ. ನಮ್ಮ ಜನರದ್ದೇ ಒಂದು ಉದಾಹರಣೆ ಇಟ್ಕೊಳ್ಳಿ, ಹೋಟೆಲ್ ಮುಚ್ಚಿ ಬಂದವರು ರಾತ್ರಿ 1 ಗಂಟೆಗೆ ಮಲಗಿದಾರೆ, ಬೆಳಿಗ್ಗೆ 6ಕ್ಕೆ ಹೆಂಡತಿ ಎಬ್ಬಿಸಿದ್ರೆ ಬಲಗೈ ಆಡ್ತಿಲ್ಲ. ಮನೆಯವರು 6 ಗಂಟೆ ಅಂತಾರೆ, ಆದ್ರೆ ನಮ್ಮ ಲೆಕ್ಕ 1 ಗಂಟೆಯಿಂದಲೇ, ಅಂದ್ರೆ ಆಗಲೇ 5 ತಾಸು ಕಳೀತು, ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ನಿಗೆ ಇರೋ ಮಾಮೂಲಿ ಅವಧಿ ನಾಲ್ಕೂವರೆ ತಾಸು. ಈಗ ಇನ್ನೊಂದು ಪ್ರಶ್ನೆ ಕೇಳಿ, ನಡುವೆ ಎದ್ದಿದ್ರಾ? ಹೌದು ಸಿಸ್ಟರ್, 4 ಗಂಟೆಗೆ ಬಾತ್ರೂಮಿಗೆ ಹೋಗಿ ಬಂದ್ರು, ನೀರು ಕೇಳಿ ಕುಡಿದ್ರು, ಚೆನ್ನಾಗೇ ಮಾತಾಡಿದ್ರು ಅಂತ ಹೆಂಡತಿ ಅಂದ್ರೆ ಲೆಕ್ಕ 4ರಿಂದ ಶುರು, ಎರಡೇ ತಾಸು ಆಗಿದೆ, ಇಂಜೆಕ್ಷನ್ ಕೊಡೋಕೆ ಇನ್ನೂ ಟೈಮಿದೆ. ಓಡಾಟದ ಗಡಿಬಿಡೀಲಿ ಈ ಮಾತನ್ನ ಡಾಕ್ಟರ್ ಕೇಳದೇ ಹೋಗಬಹುದು, ನೀವು ಕೇಳಿ, ಕೇಳಿದ್ದನ್ನ ತಕ್ಷಣ ಹೇಳಿ. ಹಾಗಂತ ತಡವಾಗಿ ಬಂದವರನ್ನ ಮೂಲೆಗೆ ಹಾಕಬೇಡಿ, ದೊಡ್ಡ ರಕ್ತನಾಳ ಕಟ್ಟಿದ್ರೆ ಗಡ್ಡೆಯನ್ನ ಎಳೆದು ತೆಗೆಯೋ ಚಿಕಿತ್ಸೆ ಕೆಲವರಿಗೆ 24 ತಾಸಿನವರೆಗೂ ಆಗುತ್ತೆ.

ಶುಗರ್ ಕೂಡಲೇ ನೋಡಿ, ಅದು ತೀರಾ ಇಳಿದ್ರೂ ಥೇಟ್ ಸ್ಟ್ರೋಕ್ ಥರಾನೇ ಕಾಣುತ್ತೆ. ನುಂಗೋ ಪರೀಕ್ಷೆ ಆಗೋವರೆಗೂ ಒಂದು ತೊಟ್ಟು ನೀರೂ ಬೇಡ. ಸಿಟಿ ಸ್ಕ್ಯಾನ್ ಆಗದೆ ಆಸ್ಪಿರಿನ್ ಕೊಡಬಾರದು, ಯಾಕಂದ್ರೆ ಕೆಲವು ಸ್ಟ್ರೋಕು ರಕ್ತಸ್ರಾವದಿಂದ ಆಗುತ್ತೆ. ಇನ್ನು ಬಿಪಿ ಜಾಸ್ತಿ ಇದೆ ಅಂತ ಮನೆಯವರು ಗಾಬರಿಯಾಗಿ ಮಾತ್ರೆ ಹಾಕಿಸ್ತಾರೆ, ಅದೂ ಬೇಡ. ಗಡ್ಡೆ ಕರಗಿಸೋ ಮುಂಚೆ 185/110ಕ್ಕಿಂತ ಕೆಳಗಿರಬೇಕು ನಿಜ, ಆದ್ರೆ ಅದನ್ನ ಇಳಿಸೋದು ಡಾಕ್ಟರ್ ಹೇಳಿದ ಹಾಗೆ, ಅಳತೆ ನೋಡ್ಕೊಂಡು.

ಫಿಟ್ಸಿಗೆ ಬರೋಣ. ಕೀಲಿ, ಈರುಳ್ಳಿ, ಚಪ್ಪಲಿ ವಾಸನೆ ಯಾವುದರಿಂದಲೂ ಫಿಟ್ಸ್ ನಿಲ್ಲಲ್ಲ, ಅಷ್ಟರಲ್ಲಿ ಅದೇ ನಿಂತಿರುತ್ತೆ, ಜನ ಕೀಲಿಯಿಂದ ಅಂತ ತಿಳ್ಕೋತಾರೆ. ಬಾಯಿಗೆ ಚಮಚ, ಬೆರಳು ಏನೂ ಹಾಕಬೇಡಿ, ಕೈಕಾಲು ಒತ್ತಿ ಹಿಡೀಬೇಡಿ, ತಲೆ ಕೆಳಗೆ ಬ್ಯಾಗೋ ದುಪಟ್ಟಾನೋ ಇಡಿ, ಪ್ಲಾಟ್‌ಫಾರ್ಮ್ ಅಂಚಿಂದ ದೂರ ಇದಾರಾ ನೋಡಿ, ಅದುರು ಕಮ್ಮಿಯಾದ ಕೂಡಲೇ ಪಕ್ಕಕ್ಕೆ ಹೊರಳಿಸಿ. 5 ನಿಮಿಷ ದಾಟಿದ್ರೆ ಅದು ಎಮರ್ಜೆನ್ಸಿ, 108ಕ್ಕೆ ಫೋನ್ ಮಾಡಿ. ಮುಂದಿನ ಸಲ ಏನೂ ತೋಚದೆ ನಿಂತ್ರೂ ಮೊಬೈಲಲ್ಲಿ ಟೈಮ್ ನೋಡ್ಕೊಳ್ಳಿ, ಅಷ್ಟೇ ಆಸ್ಪತ್ರೇಲಿ ಬಹಳ ಉಪಯೋಗಕ್ಕೆ ಬರುತ್ತೆ. ಫಿಟ್ಸ್ ನಿಂತ ಮೇಲೆ ಕೆಲವರಿಗೆ ಸ್ವಲ್ಪ ಹೊತ್ತು ಒಂದು ಕಡೆ ಬಲಹೀನ ಆಗುತ್ತೆ, ಟಾಡ್ಸ್ ಪೆರಾಲಿಸಿಸ್ ಅಂತ ಓದಿರ್ತೀರಿ, ಮುಂಚೆ ಅದುರಿತ್ತಾ ಅಂತ ಯಾರೂ ಕೇಳದಿದ್ರೆ ಅದನ್ನ ಸ್ಟ್ರೋಕ್ ಅಂದ್ಕೊಳ್ಳೋ ಸಾಧ್ಯತೆ ಇರುತ್ತೆ.

ಜಿಬಿಎಸ್ ಬಗ್ಗೆ ಪುಣೆಯವರಿಗೆ ಹೇಳಬೇಕಾಗಿಲ್ಲ, 2025ರ ಜನವರೀಲಿ ಸಿಂಹಗಡ ರಸ್ತೆ ಕಡೆ ಎಷ್ಟು ಜನ ಮಲಗಿದ್ರು ಅಂತ ಅವರೇ ನೋಡಿದಾರೆ. ಈ ಕಾಯಿಲೇಲಿ ನಿಮ್ಮ ಕಣ್ಣು ಪೇಷೆಂಟಿನ ಕಾಲಿನ ಮೇಲಷ್ಟೇ ಅಲ್ಲ, ಉಸಿರಿನ ಮೇಲಿರಲಿ. ಒಂದೇ ಉಸಿರಲ್ಲಿ ಒಂದು, ಎರಡು ಅಂತ ಎಣಿಸೋಕೆ ಹೇಳಿ, ಬೆಳಿಗ್ಗೆ 25ರವರೆಗೆ ಎಣಿಸಿದವರು ಸಂಜೆ 12ಕ್ಕೇ ನಿಂತ್ರೆ, ಆಕ್ಸಿಜನ್ ರೀಡಿಂಗ್ ಚೆನ್ನಾಗಿದ್ರೂ ಕಾಯಬೇಡಿ, ಡಾಕ್ಟರನ್ನ ಕರೀರಿ.

ಕೊನೇದಾಗಿ, ನೀವು ಕೇಳದೇ ಇದ್ದದ್ದು. ಮುಂಬೈ ವಾರ್ಡುಗಳಲ್ಲಿ ಕನ್ನಡ, ತುಳು ಬಿಟ್ಟು ಬೇರೇನೂ ಬಾರದ ಅಜ್ಜಿಯರು ಬಂದು ಮಲಗ್ತಾರೆ. ಹಿಂದೀಲಿ ಹಾಥ್ ಉಠಾಓ ಅಂದ್ರೆ ಕೈ ಎತ್ತಲ್ಲ, ಪ್ರಶ್ನೆ ಕೇಳಿದ್ರೆ ಉತ್ತರ ಬರಲ್ಲ, ಎಚ್ಚರ ಎಷ್ಟಿದೆ ಅಂತ ಅಳೆಯೋ ಗ್ಲಾಸ್ಗೋ ಸ್ಕೋರಲ್ಲಿ ಪೂರ್ತಿ 15 ಇರಬೇಕಾದವರಿಗೆ ಕಮ್ಮಿ ಬೀಳುತ್ತೆ. ಇನ್ನೊಂದು ಕಡೆ ನಿಜವಾಗ್ಲೂ ಮಾತಿನ ಭಾಗಕ್ಕೆ ಪೆಟ್ಟಾಗಿದ್ರೂ, ಪಾಪ ಹಿಂದಿ ಬರಲ್ಲ ಅಂತ ಬಿಟ್ಟುಬಿಡೋ ಅಪಾಯಾನೂ ಇದೆ. ಎರಡೂ ಕಡೆ ನೀವು ಬೇಕು. ಅಜ್ಜೀ, ಕಣ್ಣು ಮುಚ್ಚಿ, ಎಡಗೈ ಎತ್ತಿ, ಇದು ಯಾವ ತಿಂಗಳು ಅಂತ ಅವರ ಭಾಷೇಲೇ ಕೇಳಿ, ಮತ್ತೆ ಚಾರ್ಟಲ್ಲಿ ಸ್ಕೋರಿನ ಪಕ್ಕ ಯಾವ ಭಾಷೇಲಿ ಕೇಳಿದ್ದು ಅನ್ನೋದನ್ನೂ ಬರೀರಿ, ನೈಟ್ ಡ್ಯೂಟಿ ಸಿಸ್ಟರ್ ಬಂದು ಹಿಂದೀಲಿ ಕೇಳಿ ಸ್ಕೋರ್ ಇಳಿದಿದೆ ಅಂತ ಗಾಬರಿ ಆಗದ ಹಾಗೆ.