ನಿಮ್ಮ ಕಾದಂಬರಿ ‘ಲೇಖಕಿಯ ಮಾತಿ’ನಲ್ಲೇ ಉಳಿದುಬಿಟ್ಟಿದೆ

ನಮಸ್ಕಾರ.

ನೀವು ಕಳಿಸಿದ ಕಾದಂಬರಿಯನ್ನು ಪೂರ್ತಿ ಓದಿದೆ. ಅದರ ಮುಂದೆ ಸೇರಿಸಿದ ‘ಲೇಖಕಿಯ ಮಾತಿ’ನ ಆರು ಪುಟಗಳನ್ನು ಮತ್ತೆ ಮತ್ತೆ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ನಮ್ಮಿಂದ ಆಗುವುದಿಲ್ಲ. ಹಾಗಂತ ಒಂದು ಸಾಲು ಬರೆದು ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ನಿಮ್ಮ ಹತ್ತಿರ ಒಂದು ಬಹಳ ಒಳ್ಳೆಯ ಪ್ರೇಮಕಥೆ ಇದೆ. ಇರುವುದು ಮಾತ್ರ ಕಾದಂಬರಿಯಲ್ಲಲ್ಲ, ಆ ಆರು ಪುಟಗಳಲ್ಲಿ.

ಮೊದಲು ಕಾದಂಬರಿಯ ವಿಷಯ ಹೇಳಿಬಿಡುತ್ತೇನೆ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ಜುಲೈ ತಿಂಗಳಲ್ಲಿ ಆಗುಂಬೆಗೆ ಬರುತ್ತಾನೆ. ಸೂರ್ಯಾಸ್ತ ನೋಡಲು ಹೋದಾಗ ಹೋಂಸ್ಟೇ ಮಾಲೀಕರ ಮಗಳು ಕಣ್ಣಿಗೆ ಬೀಳುತ್ತಾಳೆ. ಅಲ್ಲಿ ನೀವು ಹೀಗೆ ಬರೆದಿದ್ದೀರಿ: ‘ಅವಳ ಕಣ್ಣು ತುಂಗೆಯಂತೆ ತಿಳಿಯಾಗಿತ್ತು. ಅವನ ಎದೆ ಜೋಗದಂತೆ ಧುಮ್ಮಿಕ್ಕಿತು.’ ಜುಲೈಯಲ್ಲಿ ಆಗುಂಬೆಗೆ ಹೋಗಿ ಸೂರ್ಯಾಸ್ತ ನೋಡಿದವರು ಎಷ್ಟು ಜನ ಇದ್ದಾರೆ? ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ಅದು. ಅದರಲ್ಲಿ ಹೆಚ್ಚಿನ ಪಾಲು ಮುಂಗಾರಿನಲ್ಲೇ ಸುರಿಯುತ್ತದೆ. ಆಗ ಘಾಟಿಯ ತುದಿಯಲ್ಲಿ ನಿಂತರೆ ಎದುರಿಗೆ ಕಾಣುವುದು ಬರೀ ಮಂಜು. ತುಂಗೆ ಆಗ ಕೆಂಪಾಗಿ, ದಂಡೆ ತುಂಬಿ ಹರಿಯುತ್ತಿರುತ್ತಾಳೆ.

ಅದೇ ಮಳೆಯಲ್ಲಿ ನಿಮ್ಮ ನಾಯಕಿಯ ಮನೆಯಲ್ಲಿ ಅಡಿಕೆ ಕೊಯ್ಲು ನಡೆಯುತ್ತಿದೆ. ಜೂನ್, ಜುಲೈ ಅಂದರೆ ಮಳೆ ಹೊಳವಾಗುವುದನ್ನೇ ಕಾದು, ಮೈಲುತುತ್ತ ಮತ್ತು ಸುಣ್ಣ ಕಲಸಿ, ಕೊಳೆರೋಗ ಬರದ ಹಾಗೆ ಔಷಧಿ ಹೊಡೆಯುವ ಕಾಲ. ಕೊಯ್ಲು ಶುರುವಾಗುವುದು ಮಳೆ ಹಿಂದೆ ಸರಿದ ಮೇಲೆ ಅಲ್ವಾ? ಇನ್ನು ಹದಿನಾಲ್ಕನೇ ಅಧ್ಯಾಯದಲ್ಲಿ ನಾಯಕ ನಡುರಾತ್ರಿ ಶರಾವತಿ ಹಿನ್ನೀರಿನ ಅಂಬಾರಗೋಡ್ಲಿನಲ್ಲಿ ಲಾಂಚ್ ಹತ್ತಿ ಕಳಸವಳ್ಳಿ ದಡಕ್ಕೆ ದಾಟುತ್ತಾನೆ. ಕತ್ತಲಾದ ಮೇಲೆ ಲಾಂಚ್ ಓಡುತ್ತಿರಲಿಲ್ಲ. ಕೊನೆಯ ಲಾಂಚ್ ತಪ್ಪಿತು ಅಂದರೆ ದಡದಲ್ಲೇ ಉಳಿಯಬೇಕು, ಇಲ್ಲವೇ ಊರು ಸುತ್ತಿ ಹೋಗಬೇಕು. 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೆ ಆ ದಡದ ಜನ ಹಾಗೇ ಬದುಕಿದರು. ಹೆರಿಗೆ ನೋವಿನವರನ್ನೂ ಹಾಗೇ ಕಾಯಿಸಿದ ನೀರು ಅದು.

ತಪ್ಪು ಪಟ್ಟಿ ಮಾಡಲು ಇದನ್ನೆಲ್ಲ ಹೇಳುತ್ತಿಲ್ಲ. ನೀವು ಹಿನ್ನೀರಿನ ಆಚೆ ದಡದಲ್ಲೇ ಹುಟ್ಟಿ ಬೆಳೆದವರು. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಪ್ರವಾಸಕ್ಕೆ ಬಂದವರು ತೆಗೆದ ಫೋಟೋದ ಮಲೆನಾಡನ್ನು ಬರೆದಿದ್ದೀರಿ. ಪ್ರೇಮ ಕಾದಂಬರಿ ಅಂದರೆ ಹೀಗೇ ಇರಬೇಕು, ಓದುವವರಿಗೆ ಇದೇ ಬೇಕು ಅಂತ ಯಾರೋ ನಿಮ್ಮ ತಲೆಯಲ್ಲಿ ತುಂಬಿದ್ದಾರೆ ಅನ್ನಿಸಿ ಬೇಸರವಾಯಿತು.

ಈಗ ಆ ಆರು ಪುಟಗಳಿಗೆ ಬರುತ್ತೇನೆ. ಪ್ರೇಮ ಕಾದಂಬರಿ ಬರೆಯುವವರು ತಮ್ಮ ಹೊಸ ಪುಸ್ತಕಕ್ಕೆ ಸ್ಫೂರ್ತಿ ಏನು ಅಂತ ಹೇಳುವುದನ್ನು ಓದುವುದು ನಿಮಗೆ ತುಂಬಾ ಇಷ್ಟ, ಅದಕ್ಕೇ ನೀವೂ ಬರೆದಿರಿ ಅಂತ ಪತ್ರದಲ್ಲಿ ತಿಳಿಸಿದ್ದೀರಿ. ನನಗೂ ಅದು ಇಷ್ಟವೇ. ನಿಮ್ಮ ಸ್ಫೂರ್ತಿ ನಿಮ್ಮ ಸೋದರತ್ತೆ. ಮದುವೆಗೆ ಮುಂಚೆ, ಸುಗ್ಗಿಯ ರಾತ್ರಿಗಳಲ್ಲಿ ಹೆಂಗಸರೆಲ್ಲ ಮನೆ ಅಂಗಳದಲ್ಲಿ ಮೆಟ್ಟುಕತ್ತಿ ಮೇಲೆ ಕೂತು ಅಡಿಕೆ ಸುಲಿಯುವಾಗ, ಅತ್ತೆ ಡಬ್ಬದ ಲೆಕ್ಕ ಬರೆಯುತ್ತಿದ್ದರು. ಎಷ್ಟು ಡಬ್ಬ ಸುಲಿದರೆ ಅಷ್ಟು ಕೂಲಿ. ಸುಲಿಯಲು ಬರುತ್ತಿದ್ದವರಲ್ಲಿ ಅಜ್ಜನ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ದೀವರ ಜಾತಿಯ ಮನೆಯ ಹೆಂಗಸೂ ಒಬ್ಬರು. ಅವರ ಮಗ ತೋಟದಿಂದ ಅಡಿಕೆ ಗೊನೆ ಹೊತ್ತು ತಂದು ಹಾಕುತ್ತಿದ್ದ. ಅತ್ತೆಯೂ ಅವನೂ ಒಂದು ದಿನವೂ ಕೂತು ಮಾತಾಡಿದವರಲ್ಲ. ಆದರೆ ಅತ್ತೆ ದಿನಾ ಅವನ ತಾಯಿಯ ಹೆಸರಿನ ಮುಂದೆ ಒಂದು ಡಬ್ಬ ಜಾಸ್ತಿ ಬರೆಯುತ್ತಿದ್ದರು.

ಇದನ್ನು ನೀವು ಎರಡೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತುಬಿಟ್ಟೆ.

ಅದರ ಮುಂದಿನ ಪುಟದಲ್ಲಿ ಇನ್ನೊಂದು ವಾಕ್ಯ ಇದೆ: ‘ಆಮೇಲೆ ಅವರ ಅಪ್ಪ ನಮ್ಮ ಅಜ್ಜನ ಗದ್ದೆಗೆ ಡಿಕ್ಲರೇಷನ್ ಹಾಕಿದರು, ಆ ವರ್ಷದಿಂದ ಅವರ ಮನೆಯವರು ಯಾರೂ ಸುಲಿಯೋಕೆ ಬರಲಿಲ್ಲ.’ ಅಷ್ಟೇ. ಡಿಕ್ಲರೇಷನ್ ಅಂದರೆ ಗೇಣಿಗೆ ಉಳುವ ನೆಲ ತನಗೇ ಸೇರಬೇಕು ಅಂತ ಗೇಣಿದಾರರು ಕೊಡುತ್ತಿದ್ದ ಅರ್ಜಿ. ಅತ್ತೆಯನ್ನು ಶಿರಸಿ ಕಡೆಗೆ ಮದುವೆ ಮಾಡಿ ಕೊಟ್ಟರು. ನಲವತ್ತು ವರ್ಷದ ಮೇಲೆ ತವರಿಗೆ ಬಂದವರು ವಾಪಸ್ ಹೊರಟಾಗ ಲಾಂಚಿನಲ್ಲಿ ಅವನು ಸಿಕ್ಕ. ಚೀಲ ಎತ್ತಿಕೊಂಡ. ‘ಈ ಸಲ ನಿಮ್ಮ ಕಡೆ ತೋಟಕ್ಕೆ ಕೊಳೆ ಬಂತಾ?’ ಅಂತ ಕೇಳಿದ. ದಡ ಬಂದಾಗ ಚೀಲ ಇಳಿಸಿ, ‘ಆ ಡಬ್ಬದ ಲೆಕ್ಕ ಅವ್ವಂಗೆ ಗೊತ್ತಿತ್ತು’ ಅಂದ.

ನಿಮ್ಮ ಇಪ್ಪತ್ತೆರಡು ಅಧ್ಯಾಯಗಳಲ್ಲಿ ‘ಪ್ರೀತಿ’ ಎಂಬ ಮಾತು ನೂರಾರು ಸಲ ಬಂದಿದೆ. ಇಲ್ಲಿ ಒಂದು ಸಲವೂ ಬಂದಿಲ್ಲ. ಆದರೂ ಪ್ರೀತಿ ಇರುವುದು ಇಲ್ಲೇ.

ಈ ಕಥೆ ಎಂಥ ನೆಲದಲ್ಲಿ ನಡೆದಿದೆ ಅನ್ನುವುದನ್ನು ನೀವು ಪೂರ್ತಿ ಗಮನಿಸಿಲ್ಲ ಅನ್ನಿಸುತ್ತದೆ. ನಿಮ್ಮ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಭೂಮಾಲೀಕರು ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದು ಅನ್ನುವ ತಕರಾರು ಅದರ ಬುಡದಲ್ಲಿತ್ತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಇಲ್ಲಿ ಬಂಧನಕ್ಕೊಳಗಾದರು. ಮುಂದೆ ದೇವರಾಜ ಅರಸು ಸರ್ಕಾರದ ಕಾಲದಲ್ಲಿ, 1974ರ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ಡಿಕ್ಲರೇಷನ್ ಹಾಕಿದರು. ಎಷ್ಟೋ ವರ್ಷ ಒಂದೇ ಅಂಗಳದಲ್ಲಿ ಓಡಾಡಿದವರು ಭೂನ್ಯಾಯ ಮಂಡಳಿಯ ಮುಂದೆ ಎದುರು ಬದುರು ನಿಂತರು. ಅಳತೆಗಾಗಿ ಅಷ್ಟು ಹೋರಾಟ ಆದ ತಾಲೂಕಿನಲ್ಲಿ, ಒಡೆಯರ ಮನೆಯ ಹುಡುಗಿ ಅಪ್ಪನಿಗೆ ಗೊತ್ತಾಗದ ಹಾಗೆ ಗೇಣಿದಾರರ ಮನೆಯ ಪರವಾಗಿ ಒಂದು ಡಬ್ಬ ಹೆಚ್ಚು ಅಳೆದಿದ್ದಾಳೆ! ಇದಕ್ಕಿಂತ ದೊಡ್ಡ ಪ್ರೇಮಪತ್ರವನ್ನು ಯಾರು ಬರೆಯುತ್ತಾರೆ ಹೇಳಿ?

ಕಾದಂಬರಿಯಲ್ಲಿ ಇದೆಲ್ಲ ಏನಾಯಿತು? ಅತ್ತೆ ಹೋಂಸ್ಟೇ ಹುಡುಗಿಯಾದರು. ಅವನು ಸಾಫ್ಟ್‌ವೇರ್ ಎಂಜಿನಿಯರ್ ಆದ. ಹದಿನೇಳನೇ ಅಧ್ಯಾಯದಲ್ಲಿ ಎರಡೂ ಮನೆಯವರು ಮದುವೆ ಬೇಡ ಅನ್ನುತ್ತಾರೆ, ಯಾಕೆ ಬೇಡ ಅಂತ ನೀವು ಹೇಳುವುದಿಲ್ಲ. ಹದಿನೆಂಟರಲ್ಲಿ ಒಪ್ಪಿಬಿಡುತ್ತಾರೆ, ಯಾಕೆ ಒಪ್ಪಿದರು ಅಂತಲೂ ಹೇಳುವುದಿಲ್ಲ. ಇಡೀ ಪುಸ್ತಕದಲ್ಲಿ ಜಾತಿಯ ಸುದ್ದಿಯೇ ಇಲ್ಲ, ಜಮೀನಿನ ಸುದ್ದಿಯೇ ಇಲ್ಲ. ಯಾರಿಗೂ ನೋವಾಗಬಾರದು ಅಂತ ನೀವು ಎಲ್ಲವನ್ನೂ ಒರೆಸಿ ಹಾಕಿದ್ದೀರಿ. ಒರೆಸುವಾಗ ಕಥೆಯೂ ಒರೆಸಿ ಹೋಗಿದೆ.

ಸ್ಫೂರ್ತಿಯ ಬಗ್ಗೆ ಬೇರೆ ಕಾದಂಬರಿಕಾರರು ಹೇಳಿದ್ದನ್ನು ಓದುವಾಗ ಒಂದು ವಿಷಯ ನೋಡಿಕೊಳ್ಳಿ. ಕೊಲಂಬಿಯಾದ ಕಾದಂಬರಿಕಾರ ಗಾರ್ಸಿಯಾ ಮಾರ್ಕೆಸ್ 1985ರಲ್ಲಿ ಬರೆದ ‘ಲವ್ ಇನ್ ದ ಟೈಮ್ ಆಫ್ ಕಾಲರಾ’ ಕಾದಂಬರಿಗೆ ಅವರ ಅಪ್ಪ ಅಮ್ಮನ ಪ್ರೇಮವೇ ಮೂಲ. ಅಪ್ಪ ಟೆಲಿಗ್ರಾಫ್ ಆಪರೇಟರ್. ಹುಡುಗಿಯ ಮನೆಯವರಿಗೆ ಈ ಸಂಬಂಧ ಬೇಡವಾಗಿತ್ತು. ಮರೆಯಲಿ ಅಂತ ಮಗಳನ್ನು ದೂರದ ಊರುಗಳಿಗೆ ಕರೆದುಕೊಂಡು ಹೋದರು. ಅವಳು ಹೋದ ಊರಿನ ಟೆಲಿಗ್ರಾಫ್ ಕಚೇರಿಗಳಲ್ಲೆಲ್ಲ ಹುಡುಗನ ಜೊತೆಯವರಿದ್ದರು, ಸಂದೇಶ ಹೋಗುತ್ತಲೇ ಇತ್ತು. ಕಾದಂಬರಿಯಲ್ಲಿ ಆ ಟೆಲಿಗ್ರಾಫ್ ಹಾಗೇ ಉಳಿದಿದೆ, ಹುಡುಗನ ಕೆಲಸವೂ ಹಾಗೇ ಉಳಿದಿದೆ. ಕೊನೆ ಏನಾಯಿತು, ಎಷ್ಟು ವರ್ಷ ಕಾದರು ಅನ್ನುವುದನ್ನು ಅವರು ಧಾರಾಳವಾಗಿ ಬದಲಾಯಿಸಿದರು. ಪ್ರೀತಿ ಯಾವ ದಾರಿಯಲ್ಲಿ ಓಡಾಡಿತೋ ಆ ದಾರಿಯನ್ನು ಮಾತ್ರ ಬಿಡಲಿಲ್ಲ. ನೀವು ಮಾಡಿದ್ದು ಇದಕ್ಕೆ ತಿರುಗಾಮುರುಗಾ. ಡಬ್ಬದ ಲೆಕ್ಕದ ಪುಸ್ತಕವನ್ನು ಬಿಟ್ಟು, ‘ಅವರಿಬ್ಬರೂ ಪ್ರೀತಿಸಿದರು’ ಅನ್ನುವುದನ್ನು ಮಾತ್ರ ಇಟ್ಟುಕೊಂಡಿರಿ.

ಅಮೆರಿಕದ ಕಾದಂಬರಿಕಾರ ನಿಕೋಲಸ್ ಸ್ಪಾರ್ಕ್ಸ್ 1996ರಲ್ಲಿ ‘ದ ನೋಟ್‌ಬುಕ್’ ಬರೆದದ್ದು ಹೆಂಡತಿಯ ಅಜ್ಜ ಅಜ್ಜಿಯನ್ನು ನೋಡಿ. ಮದುವೆಯಾಗಿ ಅರವತ್ತು ವರ್ಷ ದಾಟಿದ ಜೋಡಿ ಅದು. ಮನೆಯ ಹಿರಿಯರಲ್ಲಿ ಕಥೆ ಹುಡುಕಿದ್ದು ನೀವೊಬ್ಬರೇ ಅಲ್ಲ ಅಂತ ಧೈರ್ಯಕ್ಕೆ ಹೇಳಿದೆ. ದೂರ ಯಾಕೆ, ನಮ್ಮ ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಅವರನ್ನೇ ನೋಡಿ. ಅವರ ಮೊದಲ ಕಾದಂಬರಿ ‘ತುಂಗಭದ್ರ’ 1963ರಲ್ಲಿ ಬಂದಾಗ ಅವರಿಗೆ ವಯಸ್ಸು ನಲವತ್ತೈದು ದಾಟಿತ್ತು. 1976ರ ‘ಫಣಿಯಮ್ಮ’ ಅವರದೇ ಕುಟುಂಬದ ಬಾಲವಿಧವೆಯೊಬ್ಬರ ಬದುಕಿನಿಂದ ಬಂದದ್ದು. ಅದು ಪ್ರೇಮಕಥೆಯಲ್ಲ. ಆದರೂ ನೀವು ಒಮ್ಮೆ ಓದಬೇಕು. ಕೇಳಿದ ಕಥೆಯನ್ನು ಮಲೆನಾಡಿನ ಒಂದು ಮನೆಯ ಒಳಗೆ ಹೇಗೆ ನಿಲ್ಲಿಸಿದ್ದಾರೆ, ಅಡುಗೆಮನೆ, ಬಾಣಂತಿ ಕೋಣೆ, ಮಡಿ ಮೈಲಿಗೆ ಎಲ್ಲ ಕಥೆಯನ್ನು ಹೇಗೆ ಹೊತ್ತುಕೊಂಡು ಹೋಗುತ್ತವೆ ಅಂತ ಗಮನಿಸಿ.

ಹಾಗಾದರೆ ಈಗ ಏನು ಮಾಡಬೇಕು? ಕಾದಂಬರಿಯನ್ನು ತಿದ್ದಬೇಡಿ. ತಿದ್ದಿದರೆ ಆಗುಂಬೆಯ ಸೂರ್ಯ ಹೋಗಿ ಮಂಜು ಬರುತ್ತದೆ, ಅಷ್ಟೇ. ಅದನ್ನು ಪಕ್ಕಕ್ಕಿಟ್ಟು ಸುಲಿಯುವ ರಾತ್ರಿಯಿಂದ ಹೊಸದಾಗಿ ಶುರು ಮಾಡಿ. ಅಂಗಳದಲ್ಲಿ ಬೆಳಕು ಎಲ್ಲಿತ್ತು, ಯಾರು ಯಾರ ಪಕ್ಕ ಕೂರುತ್ತಿದ್ದರು, ಒಡೆಯರ ಮಗಳು ಜಗಲಿ ಮೇಲಿದ್ದಳೋ ಕೆಳಗಿದ್ದಳೋ, ಕೂಲಿಯವರಿಗೆ ಕಾಫಿ ಯಾವ ಲೋಟದಲ್ಲಿ ಬರುತ್ತಿತ್ತು, ಇದನ್ನೆಲ್ಲ ಬರೆಯಿರಿ. ಜಾತಿಯ ಬಗ್ಗೆ ಭಾಷಣ ಬೇಡ. ಲೋಟ ಬರೆದರೆ ಸಾಕು. ಚೊಗರು ಹತ್ತಿ ಕಪ್ಪಾದ ಬೆರಳುಗಳು ಸುಗ್ಗಿ ಮುಗಿದ ಎಷ್ಟೋ ದಿನದವರೆಗೆ ಹಾಗೇ ಇರುತ್ತವೆ. ಲೆಕ್ಕ ಬರೆಯುವ ಅತ್ತೆಯ ಬೆರಳು ಬೆಳ್ಳಗಿರುತ್ತದೆ, ಅವನ ತಾಯಿಯ ಬೆರಳು ಕಪ್ಪು. ನಿಮ್ಮ ನಾಯಕಿಗೆ ಅದು ಕಾಣುತ್ತದೆ ಅಂತ ನನ್ನ ನಂಬಿಕೆ.

ಮೊದಲ ಸಲ ಒಂದು ಡಬ್ಬ ಜಾಸ್ತಿ ಬರೆದ ರಾತ್ರಿಗೆ ಒಂದು ಪೂರ್ತಿ ಅಧ್ಯಾಯ ಕೊಡಿ. ಅವಳು ಬೇಕಂತಲೇ ಬರೆದಳಾ, ಲೆಕ್ಕ ತಪ್ಪಿ ಆಮೇಲೆ ಹಾಗೇ ಬಿಟ್ಟಳಾ? ಬೆಳಿಗ್ಗೆ ಅಪ್ಪ ಲೆಕ್ಕ ನೋಡುವಾಗ ಎಲ್ಲಿ ನಿಂತಿದ್ದಳು? ಇನ್ನು ಅವನ ತಾಯಿ. ತಾನು ಸುಲಿದದ್ದು ಎಷ್ಟು ಅಂತ ಆಕೆಗೆ ಚೆನ್ನಾಗಿ ಗೊತ್ತು. ಕೂಲಿ ಎಣಿಸಿಕೊಳ್ಳುವಾಗ ಹೆಚ್ಚಿಗೆ ಬಂದದ್ದನ್ನು ನೋಡಿ, ಏನೂ ಅನ್ನದೆ ಸೆರಗಿಗೆ ಕಟ್ಟಿಕೊಂಡು ಹೋದಳಲ್ಲ, ಅವಳ ಮನಸ್ಸಿನಲ್ಲಿ ಏನಿತ್ತು? ನನಗೆ ಇಡೀ ಕಥೆಯಲ್ಲಿ ಎಲ್ಲರಿಗಿಂತ ಜಾಸ್ತಿ ಹಿಡಿಸಿದವಳು ಅವಳೇ. ಇದು ಮೂರು ಜನರ ಕಥೆ. ಅವಳನ್ನು ಮೂಲೆಗೆ ತಳ್ಳಬೇಡಿ.

ಅಜ್ಜನನ್ನು ರಾಕ್ಷಸನನ್ನಾಗಿ ಮಾಡುವ ಆಸೆ ಬರಬಹುದು. ಬೇಡ. ಗದ್ದೆ ಹೋಗುತ್ತದೆ ಅಂತ ನಿದ್ದೆ ಬಿಟ್ಟ ಮನುಷ್ಯ ಅವರು. ಹಾಗೆಯೇ ಡಿಕ್ಲರೇಷನ್ ಹಾಕಿದ ತಂದೆ ಉಪಕಾರ ಮರೆತವರಲ್ಲ. ತಲೆತಲಾಂತರ ಉತ್ತ ನೆಲವನ್ನು ತನ್ನದು ಅಂತ ಕೇಳುವ ಹಕ್ಕು ಕಾನೂನಿನಿಂದ ಸಿಕ್ಕಿತ್ತು, ಕೇಳಿದರು. ಅವರ ಕಡೆಯೇ ನ್ಯಾಯ ಇತ್ತು ಅಂತ ನಾನು ನಂಬುತ್ತೇನೆ. ನಿಮ್ಮ ಕುಟುಂಬದವರು ಕಥೆಯನ್ನು ಹಾಗೆ ಹೇಳಿರಲಿಕ್ಕಿಲ್ಲ. ನೀವು ಎರಡೂ ಮನೆಯ ಒಳಗೆ ಹೋಗಿ ಬರೆಯಬೇಕು. ಆ ಕಡೆಯ ಮನೆಯ ಹಿರಿಯರು ಯಾರಾದರೂ ಇದ್ದರೆ ಹೋಗಿ ಕೂತು ಕೇಳಿ.

ಅತ್ತೆ ಇದ್ದಾರೆ ಅಂತ ಬರೆದಿದ್ದೀರಿ. ಹಾಗಿದ್ದರೆ ಬರೆಯುವ ಮೊದಲು ಅವರನ್ನು ಕೇಳಲೇಬೇಕು. ಇಷ್ಟು ವರ್ಷ ಬಾಯಿ ಬಿಡದೆ ಇಟ್ಟುಕೊಂಡದ್ದನ್ನು ಅವರು ನಿಮಗೆ ಹೇಳಿದ್ದು ಸೊಸೆ ಅಂತ, ಬರಹಗಾರ್ತಿ ಅಂತ ಅಲ್ಲ. ಬೇಡ ಅಂದರೆ ಊರು, ಕಾಲ, ಸಂಬಂಧ ಎಲ್ಲ ಬದಲಾಯಿಸಿ ಬರೆಯಬಹುದಾ ಅಂತ ಕೇಳಿ. ಅದಕ್ಕೂ ಒಪ್ಪದಿದ್ದರೆ ಅವರು ಇರುವಷ್ಟು ಕಾಲ ಬಿಟ್ಟುಬಿಡಿ. ನಾವು ಕಾಯುತ್ತೇವೆ. ಒಪ್ಪಿದರೂ ‘ಲೇಖಕಿಯ ಮಾತು’ ತೆಗೆದುಹಾಕಿ. ಅದರಲ್ಲಿ ಇರುವುದೆಲ್ಲ ಕಾದಂಬರಿಗೆ ಸೇರಬೇಕಾದದ್ದು, ಜೊತೆಗೆ ಅದು ಓದಿದವರಿಗೆ ಅತ್ತೆಯ ಮನೆಯ ದಾರಿ ತೋರಿಸಿಕೊಡುತ್ತದೆ. ಮುಂದೆ ಪುಸ್ತಕ ಬಿಡುಗಡೆಯಲ್ಲಿ ಸ್ಫೂರ್ತಿ ಏನು ಅಂತ ಕೇಳಿದರೆ, ಅಡಿಕೆ ಸುಲಿಯುವ ರಾತ್ರಿಗಳು ಅಂತ ಹೇಳಿ. ಸುಳ್ಳೇನೂ ಆಗುವುದಿಲ್ಲ.

ಭಾಷೆಯ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಕಾದಂಬರಿಯ ಭಾಷೆ ಎರವಲು ತಂದದ್ದು, ಆ ಆರು ಪುಟಗಳ ಭಾಷೆ ನಿಮ್ಮದು. ನಿಮ್ಮ ಮನೆಯವರು ಆಡುವ ಹವ್ಯಕ ಮಾತು, ಅವರ ಮನೆಯ ದೀವರ ಮಾತು, ಎರಡೂ ಸಂಭಾಷಣೆಯಲ್ಲಿ ಬರಲಿ. ಓದುವವರಿಗೆ ಅರ್ಥವಾಗದೇ ಹೋದೀತು ಅಂತ ಹೆದರಬೇಡಿ.

ಇಡೀ ಕಾದಂಬರಿ ಮುಗಿಯುವವರೆಗೆ ಕಾಯಬೇಡಿ. ಅತ್ತೆಯ ಒಪ್ಪಿಗೆ ಸಿಕ್ಕರೆ, ಸುಲಿಯುವ ರಾತ್ರಿಯ ಮೊದಲ ಮೂರು ಅಧ್ಯಾಯ ಬರೆದು ಕಳಿಸಿ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಪುಟ ಸಂಖ್ಯೆ ಹಾಕಿ. ಕಳೆದ ಸಲ ಹಾಕಿರಲಿಲ್ಲ, ಓದುವಾಗ ಕಷ್ಟವಾಯಿತು. ದೀಪಾವಳಿ ವಿಶೇಷಾಂಕದ ಕೆಲಸ ಮುಗಿದ ತಕ್ಷಣ ನಿಮ್ಮದನ್ನೇ ಮೊದಲು ಓದುತ್ತೇನೆ. ಶಿವಮೊಗ್ಗಕ್ಕೆ ಬಂದಾಗ ಕಚೇರಿಗೂ ಬನ್ನಿ. ಅವನ ತಾಯಿಯ ಬಗ್ಗೆ ನಿಮಗೆ ಇನ್ನೇನು ಗೊತ್ತು ಅಂತ ಕೇಳಬೇಕು.

ನಿಮ್ಮ,
ಸಂಪಾದಕ