ಪೀರ್ ರಿವ್ಯೂ ವಿಚಾರಣಾಧಿಕಾರಿಗೆ ಆಸ್ಪತ್ರೆಯೇ ಶುಲ್ಕ ಕೊಡುವಾಗ ಆತ ನಿಷ್ಪಕ್ಷಪಾತಿಯಾಗಿರಬಲ್ಲನೇ?

ಕ್ಯಾಲಿಫೋರ್ನಿಯಾದ ಆಸ್ಪತ್ರೆಯೊಂದರಲ್ಲಿ ವೈದ್ಯರಾಗಿರುವ ನಿಮ್ಮ ತಮ್ಮನಿಗೆ ಪೀರ್ ರಿವ್ಯೂ (ವೈದ್ಯರ ಕೆಲಸವನ್ನು ಸಹವೈದ್ಯರೇ ಪರಿಶೀಲಿಸುವ ವ್ಯವಸ್ಥೆ) ವಿಚಾರಣೆಯ ನೋಟಿಸ್ ಬಂದಿದೆಯೆಂದೂ, ವಿಚಾರಣಾಧಿಕಾರಿಯನ್ನು ನೇಮಿಸಿ ಶುಲ್ಕ ಕೊಡುವುದು ಆಸ್ಪತ್ರೆಯೇ ಆದ್ದರಿಂದ ನ್ಯಾಯ ಸಿಗುವುದೇ, ಅಂಥವರನ್ನು ಎಲ್ಲಿಂದ ಕರೆತರುತ್ತಾರೆ, ಅವರಿಗೆ ತರಬೇತಿ ಇರುತ್ತದೆಯೇ ಎಂದೂ ಕೇಳಿದ್ದೀರಿ. ಅದೇ ರಾಜ್ಯದಲ್ಲಿ ವೈದ್ಯನಾಗಿದ್ದು ಇಂಥ ವಿಚಾರಣಾ ಸಮಿತಿಗಳಲ್ಲಿ ಕುಳಿತ ಅನುಭವದಿಂದ ಬರೆಯುತ್ತಿದ್ದೇನೆ; ನಾನು ವಕೀಲನಲ್ಲ.

ನಿಮ್ಮ ಆತಂಕಕ್ಕೆ ಕಾರಣವಿದೆ. ವೃತ್ತಿ ಸಾಮರ್ಥ್ಯ ಅಥವಾ ನಡತೆಯ ಕಾರಣಕ್ಕೆ ವೈದ್ಯರೊಬ್ಬರ ಪ್ರಿವಿಲೇಜನ್ನು, ಅಂದರೆ ಅಲ್ಲಿ ರೋಗಿಗಳಿಗೆ ಚಿಕಿತ್ಸೆ ನೀಡುವ ಅನುಮತಿಯನ್ನು, ಆಸ್ಪತ್ರೆ 30 ದಿನಗಳಿಗಿಂತ ಹೆಚ್ಚು ಕಾಲ ಮೊಟಕುಗೊಳಿಸಿದರೆ, ಅದು 1990ರಿಂದ ನಡೆಯುತ್ತಿರುವ ನ್ಯಾಷನಲ್ ಪ್ರಾಕ್ಟಿಷನರ್ ಡೇಟಾ ಬ್ಯಾಂಕ್‌ಗೆ (ವೈದ್ಯರ ಮೇಲಿನ ಇಂಥ ಕ್ರಮಗಳನ್ನು ದಾಖಲಿಸಿಡುವ ರಾಷ್ಟ್ರೀಯ ಸಂಗ್ರಹಕ್ಕೆ) ವರದಿಯಾಗುತ್ತದೆ, ಮತ್ತು ಮುಂದೆ ಪ್ರಿವಿಲೇಜ್ ಕೇಳಿಕೊಂಡು ಹೋಗುವ ಪ್ರತಿ ಆಸ್ಪತ್ರೆಯೂ ಆ ದಾಖಲೆಯನ್ನು ತೆರೆದು ನೋಡುತ್ತದೆ. 1986ರ ಫೆಡರಲ್ ಕಾಯಿದೆ ವಿಚಾರಣೆಯನ್ನು ಯಾರ ಮುಂದೆ ನಡೆಸಬೇಕೆಂಬುದಕ್ಕೆ ಮೂರು ದಾರಿಗಳನ್ನು ಹೇಳುತ್ತದೆ: ಇಬ್ಬರೂ ಒಪ್ಪಿದ ಮಧ್ಯಸ್ಥಗಾರ, ಆಸ್ಪತ್ರೆ ನೇಮಿಸಿದ ವಿಚಾರಣಾಧಿಕಾರಿ, ಇಲ್ಲವೇ ಆಸ್ಪತ್ರೆ ನೇಮಿಸಿದ ಸಮಿತಿ. ಆಸ್ಪತ್ರೆ ನೇಮಿಸುವವರು ಆ ವೈದ್ಯರೊಂದಿಗೆ ನೇರ ಆರ್ಥಿಕ ಪೈಪೋಟಿಯಲ್ಲಿ ಇರಬಾರದು. ಆರೆಗಾನ್‌ನ ಆಸ್ಟೋರಿಯಾ ಎಂಬ ಸಣ್ಣ ಊರಿನಲ್ಲಿ ಪ್ರತಿಸ್ಪರ್ಧಿ ವೈದ್ಯರೇ ಸೇರಿ ಪೀರ್ ರಿವ್ಯೂ ಮೂಲಕ ಒಬ್ಬ ಶಸ್ತ್ರವೈದ್ಯರನ್ನು ಹೊರದೂಡಲು ಹೊರಟ ಪ್ರಕರಣ 1988ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಈ ಷರತ್ತು ಏಕೆ ಬೇಕೆಂಬುದಕ್ಕೆ ಅದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ.

ಕ್ಯಾಲಿಫೋರ್ನಿಯಾದ ವೃತ್ತಿ ಸಂಹಿತೆಯ (ಬಿಸಿನೆಸ್ ಅಂಡ್ ಪ್ರೊಫೆಷನ್ಸ್ ಕೋಡ್) ಸೆಕ್ಷನ್ 809.2ರ ಪ್ರಕಾರ ಸಮಿತಿಯ ಮುಂದೆ ಅಧ್ಯಕ್ಷತೆ ವಹಿಸುವ ವಿಚಾರಣಾಧಿಕಾರಿಗೆ ಮತವಿಲ್ಲ, ಆತ ಆರೋಪಿಸುವವರ ಪರವಾಗಿ ವಾದಿಸುವಂತಿಲ್ಲ, ಫಲಿತಾಂಶದಿಂದ ನೇರ ಹಣಕಾಸಿನ ಲಾಭ ಪಡೆಯುವಂತಿಲ್ಲ. ಮತವಿಲ್ಲವೆಂದು ಹಗುರವಾಗಿ ಕಾಣಬೇಡಿ. ಯಾವ ಸಾಕ್ಷ್ಯ ಒಳಗೆ ಬರಬೇಕು, ಯಾರಿಗೆ ಕಾಲಾವಕಾಶ ಕೊಡಬೇಕು, ಯಾವ ಪ್ರಶ್ನೆ ಅಪ್ರಸ್ತುತ ಎಂಬುದನ್ನೆಲ್ಲ ಆತನೇ ತೀರ್ಮಾನಿಸುತ್ತಾನೆ. ಸಮಿತಿಯಲ್ಲಿ ಕೂತ ನಮ್ಮಂಥ ವೈದ್ಯರು ಕಾನೂನಿನ ವಿಷಯದಲ್ಲಿ ಆತನ ಮುಖವನ್ನೇ ನೋಡುತ್ತಿರುತ್ತೇವೆ. ಆತನ ನಿಷ್ಪಕ್ಷಪಾತವನ್ನು ವೈದ್ಯರು ಪ್ರಶ್ನಿಸಿದರೆ ಆ ಆಕ್ಷೇಪವನ್ನು ನಿರ್ಣಯಿಸುವವನೂ ಆತನೇ. ಈ ಕಾನೂನಿನಲ್ಲಿ ಅತ್ಯಂತ ದುರ್ಬಲವಾದ ಜಾಗ ಇದು ಎಂಬುದು ನನ್ನ ದೃಢ ಅಭಿಪ್ರಾಯ.

ಆದ್ದರಿಂದ ಆ ವ್ಯಕ್ತಿ ಸಜ್ಜನನೇ ಎಂದು ವಿಚಾರಿಸುವುದಕ್ಕಿಂತ, ಆತನಿಗೆ ಮುಂದಿನ ಕೆಲಸ ಯಾರಿಂದ ಬರಬೇಕಾಗಿದೆ ಎಂದು ವಿಚಾರಿಸಬೇಕು. ಕೌಂಟಿಯೊಂದು (ಜಿಲ್ಲೆಯಂಥ ಸ್ಥಳೀಯ ಆಡಳಿತ) ಮತ್ತೆಮತ್ತೆ ಕರೆಯಬಹುದಾದ ತಾತ್ಕಾಲಿಕ ಅಧಿಕಾರಿಯ ಬಗ್ಗೆ ಹಾಸ್ ಪ್ರಕರಣದಲ್ಲಿ, 2002ರಲ್ಲಿ, ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಇದೇ ಮಾತನ್ನು ಎತ್ತಿ ಅಂಥ ಏರ್ಪಾಡನ್ನು ತಳ್ಳಿಹಾಕಿತು. ಆದರೆ ಖಾಸಗಿ ಆಸ್ಪತ್ರೆಗಳ ಕುರಿತ 2021ರ ನಟರಾಜನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಮುಂದೆ ಕೆಲಸ ಸಿಗಬಹುದೆಂಬ ಸಾಧ್ಯತೆಯೊಂದೇ ಸಾಮಾನ್ಯವಾಗಿ ಅನರ್ಹತೆಗೆ ಸಾಲದು, ಪಕ್ಷಪಾತದ ಅಪಾಯ ಸಹಿಸಲಾಗದ ಮಟ್ಟ ಮುಟ್ಟಿದ ಅಸಾಧಾರಣ ಸಂದರ್ಭದಲ್ಲಿ ಮಾತ್ರ ಅನರ್ಹಗೊಳಿಸಬಹುದು ಎಂದಿತು. ಅಲ್ಲಿ ಅಧಿಕಾರಿಯ ಒಪ್ಪಂದದಲ್ಲಿಯೇ, ಮುಂದಿನ ಮೂರು ವರ್ಷ ಅದೇ ಆಸ್ಪತ್ರೆಯ ಕೆಲಸ ಒಪ್ಪಬಾರದೆಂಬ ಷರತ್ತಿತ್ತು. ಈ ಷರತ್ತನ್ನು ಎಲ್ಲ ಆಸ್ಪತ್ರೆಗಳೂ ಬೈಲಾದಲ್ಲಿ, ಅಂದರೆ ತಮ್ಮ ಆಂತರಿಕ ನಿಯಮಾವಳಿಯಲ್ಲಿ, ಬರೆದುಕೊಂಡರೆ ಅರ್ಧದಷ್ಟು ಸಂಶಯ ಅಲ್ಲಿಗೇ ಕಳೆಯುತ್ತದೆ.

ಹುಡುಕುವ ಜಾಗಗಳೇನೂ ಗುಟ್ಟಿನವಲ್ಲ: ನಿವೃತ್ತ ನ್ಯಾಯಾಧೀಶರು, ಆಡಳಿತಾತ್ಮಕ ವಿಚಾರಣೆ ನಡೆಸಿ ಅನುಭವವಿರುವವರು, ಆರೋಗ್ಯ ಕಾನೂನಿನ ವಕೀಲರು. ವಕೀಲರಿಗೆ ಆಸ್ಪತ್ರೆಯ ಒಳಹೊರಗು ಗೊತ್ತು, ಆದರೆ ಹಲವರು ಆಸ್ಪತ್ರೆಗಳ ಪರವಾಗಿಯೇ ವಾದಿಸಿ ಬೆಳೆದವರು. ನ್ಯಾಯಾಧೀಶರಿಗೆ ಆ ಹಂಗಿಲ್ಲದಿದ್ದರೂ ರೋಗಿಯ ಚಾರ್ಟ್ ಓದುವುದು ಹೊಸದು. ಹಲವು ಹೆಸರುಗಳ ಪಟ್ಟಿಯಿಂದ ಎರಡೂ ಕಡೆಯವರು ತಮಗೆ ಬೇಡವಾದವರನ್ನು ಹೊಡೆದುಹಾಕುತ್ತ ಉಳಿದವರನ್ನು ಒಪ್ಪಿಕೊಳ್ಳುವ ಕ್ರಮವೇ ನನಗೆ ಮೆಚ್ಚುಗೆ.

ತರಬೇತಿಯ ಮಾತು ನಿರಾಶೆ ತರುವಂಥದ್ದು. ನೆವಾಡಾದ ರೀನೋದಲ್ಲಿರುವ ನ್ಯಾಷನಲ್ ಜುಡಿಷಿಯಲ್ ಕಾಲೇಜು ಆಡಳಿತಾತ್ಮಕ ನ್ಯಾಯಾಧೀಶರಿಗೆ ಪಾಠ ಹೇಳುತ್ತದೆ. ಆದರೆ ಪೀರ್ ರಿವ್ಯೂ ಅಧಿಕಾರಿಗೆ ಇಂಥದೇ ತರಬೇತಿ ಆಗಿರಬೇಕೆಂದು ಸೆಕ್ಷನ್ 809.2 ಕೇಳುವುದಿಲ್ಲ. ಅಣಕು ವಿಚಾರಣೆಗಳ ಮೂಲಕ ಅವರಿಗೆ ಮುಖ್ಯವಾಗಿ ಕಲಿಸಬೇಕಾದದ್ದು ತಮ್ಮ ಅಧಿಕಾರದ ಗಡಿಯನ್ನು. ವೈದ್ಯರು ಸಹಕರಿಸಲಿಲ್ಲವೆಂದು ಒಬ್ಬ ಅಧಿಕಾರಿ ಇಡೀ ವಿಚಾರಣೆಯನ್ನೇ ಮುಗಿಸಿಬಿಟ್ಟಾಗ, ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್‌ನ 2009ರ ಮಿಲೈಕೋವ್‌ಸ್ಕಿ ತೀರ್ಪು ಆ ಅಧಿಕಾರ ಆತನಿಗಿಲ್ಲ ಎಂದು ಹೇಳಬೇಕಾಯಿತು. ಪ್ರತಿ ನಿರ್ಣಯಕ್ಕೂ ಕಾರಣವನ್ನು ದಾಖಲೆಯಲ್ಲಿ ನುಡಿಯುವುದು, ಸಮಿತಿಯ ಸದಸ್ಯರು ನೇರವಾಗಿ ಪ್ರಶ್ನೆ ಕೇಳಲು ಬಿಡುವುದು, ಚರ್ಚೆಯ ವೇಳೆ ತನ್ನ ಒಲವನ್ನು ತೋರದಿರುವುದು ಅಭ್ಯಾಸದಿಂದ ಮಾತ್ರ ಬರುತ್ತವೆ.

ವಿಚಾರಣಾಧಿಕಾರಿಯನ್ನೂ ಸಮಿತಿಯ ಸದಸ್ಯರನ್ನೂ ಆರಂಭದಲ್ಲೇ ಪ್ರಶ್ನಿಸುವ ಹಕ್ಕು ನಿಮ್ಮ ತಮ್ಮನಿಗಿದೆ. ಈ ಆಸ್ಪತ್ರೆ ಅಥವಾ ಅದರ ಮಾಲೀಕ ಸಂಸ್ಥೆ ಆತನನ್ನು ಹಿಂದೆ ಎಷ್ಟು ಸಲ ನೇಮಿಸಿದೆ, ಎಷ್ಟು ಶುಲ್ಕ ಕೊಟ್ಟಿದೆ, ಮುಂದೆ ಕರೆದರೆ ಒಪ್ಪುವನೇ ಎಂದು ವಕೀಲರ ಮೂಲಕ ಕೇಳಿಸಲಿ. ಆಕ್ಷೇಪ ತಿರಸ್ಕೃತವಾದರೂ ಬೇಸರಿಸದೆ ಅದನ್ನು ಬರಹದಲ್ಲಿ ದಾಖಲಿಸಲಿ, ಏಕೆಂದರೆ ಮುಂದೆ ಸುಪೀರಿಯರ್ ಕೋರ್ಟ್‌ಗೆ (ರಾಜ್ಯದ ವಿಚಾರಣಾ ನ್ಯಾಯಾಲಯಕ್ಕೆ) ಹೋದರೆ ನ್ಯಾಯಾಧೀಶರು ಮುಖ್ಯವಾಗಿ ಆ ದಾಖಲೆಯನ್ನೇ ಓದುತ್ತಾರೆ.